ಕೇಳಿದ್ದನ್ನು ಕೇಳಿದ ಹಾಗೆ ಬರೆದದ್ದು

ಕಡತಗಳು ವಾಪಸು ಬಂದ ದಿನ ಅವನ್ನು ಇಡಲು ನಮ್ಮಲ್ಲಿ ಒಂದು ಕಪಾಟೂ ಇರಲಿಲ್ಲ. ವ್ಯಾನಿನಿಂದ ಇಳಿಸಿದ ಕೆಂಪು ಬಟ್ಟೆಯ ಗಂಟುಗಳನ್ನು ಗೋಡೆಗೆ ಒತ್ತಿ ಸಾಲಾಗಿಟ್ಟು, ಗೆದ್ದಲು ಏರದಂತೆ ಕೆಳಗೆ ಇಟ್ಟಿಗೆ ಕೊಟ್ಟೆವು. ಮೊಹರು ಮಾಡಿದ ಪೆಟ್ಟಿಗೆಗಳಿಗೆ ಮಾತ್ರ ಸಾಹೇಬರ ಕೋಣೆಯಲ್ಲಿ ಒಂದು ಮೂಲೆ ಸಿಕ್ಕಿತು.

ನಮ್ಮದು ಲಂಚದ ಪ್ರಕರಣಗಳ ತನಿಖೆ ಮಾಡುವ ಸರ್ಕಾರಿ ಸಂಸ್ಥೆಯ ಜಿಲ್ಲಾ ಘಟಕ. ಕೆಲವು ವರ್ಷಗಳ ಹಿಂದೆ ತನಿಖೆಯ ಅಧಿಕಾರವನ್ನು ನಮ್ಮಿಂದ ತೆಗೆದು ಹೊಸ ದಳವೊಂದಕ್ಕೆ ಕೊಟ್ಟಿದ್ದರು. ಆಮೇಲೆ ಆ ದಳ ರದ್ದಾಗಿ ಅಧಿಕಾರ ತಿರುಗಿ ನಮಗೇ ಬಂತು. ಹೇಳಲು ಎರಡೇ ವಾಕ್ಯ. ಆದರೆ ಆ ಎರಡು ವಾಕ್ಯಗಳ ನಡುವೆ ಜನ ಕೊಟ್ಟ ದೂರುಗಳು ಅಲ್ಲಲ್ಲೇ ನಿಂತುಹೋಗಿದ್ದವು. ನಾನು ಹೆಡ್ ಕಾನ್‌ಸ್ಟೆಬಲ್. ನನ್ನ ಕೆಲಸ ಬರವಣಿಗೆ. ಪಂಚನಾಮೆ, ಹೇಳಿಕೆ, ಎಲ್ಲಕ್ಕಿಂತ ಹೆಚ್ಚಾಗಿ ಧ್ವನಿಮುದ್ರಿಕೆಗಳನ್ನು ಕೇಳಿ ಅಕ್ಷರಕ್ಕೆ ಇಳಿಸುವುದು. ಅಧಿಕಾರ ಅತ್ತ ಹೋದಾಗ ನನ್ನನ್ನೂ ಆ ದಳಕ್ಕೆ ಎರವಲು ಕಳಿಸಿದ್ದರು. ಇತ್ತ ಬಂದಾಗ ಗಂಟುಗಳ ಜೊತೆ ನಾನೂ ಬಂದೆ.

ಹೊಸದಾಗಿ ಬಂದ ಡಿವೈಎಸ್‌ಪಿ ಸಾಹೇಬರು ಮೈಸೂರು ಸೀಮೆಯವರು. ಮೊದಲ ದಿನ ಗಂಟುಗಳ ಮುಂದೆ ನಿಂತು ಅವರು ಕೇಳಿದ ಪ್ರಶ್ನೆ ಇನ್ನೂ ನೆನಪಿದೆ. “ಇಷ್ಟೂ ದೂರು ಕೊಟ್ಟವರಲ್ಲಿ ಎಷ್ಟು ಜನಕ್ಕೆ ನಾವು ಇನ್ನೂ ಇದೀವಿ ಅಂತ ಗೊತ್ತು?”

ಅದನ್ನು ತಿಳಿಯಲೆಂದೇ ಅವರು ತಾಲ್ಲೂಕು ತಾಲ್ಲೂಕಿಗೆ ಹೋಗಿ ಕೂತು ಅಹವಾಲು ಕೇಳುವುದೆಂದು ತೀರ್ಮಾನಿಸಿದರು. ಮೊದಲು ಗಜೇಂದ್ರಗಡ. ಆಟೋದಲ್ಲಿ ಧ್ವನಿವರ್ಧಕ ಕಟ್ಟಿ ಊರೆಲ್ಲ ಸಾರಿಸಿದೆವು. ಪ್ರವಾಸಿ ಮಂದಿರದ ಹಾಲಿನಲ್ಲಿ ಮೇಜು, ಬಿಳಿ ಬಟ್ಟೆ, ರಿಜಿಸ್ಟರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಂದವರು ಒಬ್ಬರೇ. ಅವರೂ ಕರೆಂಟ್ ಬಿಲ್ಲಿನ ತಕರಾರು ತಂದಿದ್ದರು. ಚಹಾ ತಂದವನು ಕಪ್ಪು ಇಡುತ್ತ ನನ್ನನ್ನೇ ಕೇಳಿದ: “ಅಕ್ಕಾರ, ನೀವು ಯಾರ್ರಿ ಈಗ? ಮದಲಿನವರೋ, ಆಮ್ಯಾಲಿನವರೋ?”

“ಮದಲಿನವರಪಾ,” ಅಂದೆ.

“ಹಂಗಾರ ಮತ್ತ ಹೋಗ್ತೀರೇನು?”

ಅವನು ಕುಚೋದ್ಯಕ್ಕೆ ಕೇಳಿರಲಿಲ್ಲ. ನರಗುಂದದಲ್ಲೂ ಹಾಗೇ ಆಯಿತು. ರೋಣದ ಸರದಿ ಬರುವ ಹೊತ್ತಿಗೆ ನಮ್ಮ ಚಾಲಕ ಕೂಡ, ಮೇಜಿಗೆ ಬಟ್ಟೆ ಹಾಸುವುದು ಬೇಕೇ ಎಂದು ಕೇಳುವಂತಾಗಿದ್ದ.

ರೋಣದಲ್ಲಿ ಒಬ್ಬಾಕೆ ಬಂದಳು. ಐವತ್ತು ದಾಟಿದ ಹೆಂಗಸು, ತಲೆಯ ಮೇಲೆ ಹಸಿರು ಸೆರಗು, ಬಗಲಲ್ಲಿ ಬಳೆ ತುಂಬಿದ ಚೀಲ. ಗಜೇಂದ್ರಗಡದವಳು. ಜಕ್ಕಲಿ, ಇಟಗಿ, ಶಿರೋಳ ಎಂದು ಊರೂರು ತಿರುಗಿ ಗಾಜಿನ ಬಳೆ ತೊಡಿಸುವ ವ್ಯಾಪಾರ. ಜಕ್ಕಲಿ ನನ್ನ ತವರೂರು. ನನ್ನ ಚಿಕ್ಕಮ್ಮಂದಿರೆಲ್ಲ ಅವಳ ಕೈಯಿಂದಲೇ ಬಳೆ ಇಡಿಸಿಕೊಂಡವರು. ಎಲ್ಲರೂ ಅವಳನ್ನು ಚಾಚಿ ಎನ್ನುತ್ತಾರೆ. ಅವಳು ದೂರು ಕೊಡಲು ಬಂದಿರಲಿಲ್ಲ. ಬೈಯಲು ಬಂದಿದ್ದಳು.

“ನಂದು ಏನಾತ್ರಿ?” ಎಂದು ನಿಂತೇ ಕೇಳಿದಳು. “ಹಿಡದ್ರಿ, ಫೋಟೋ ತಗದ್ರಿ, ಸಹಿ ಮಾಡಿಸ್ಕೊಂಡ್ರಿ. ಆಮ್ಯಾಲ ಸುದ್ದಿನ ಇಲ್ಲ. ಅಂವಾ ತಿರುಗಿ ಕುರ್ಚಿ ಮ್ಯಾಲ ಬಂದು ಕುಂತಾನ. ಸಂತ್ಯಾಗ ಎದುರಿಗೆ ಬಂದ್ರ ನನ್ನ ನೋಡಿ ನಗತಾನ. ನಂದು ಮನಿ ಉತಾರ ಇನ್ನೂ ಆಗಿಲ್ಲ. ಆ ಆಫೀಸಿನ್ಯಾಗ ನನ್ನ ಕಾಗದ ಯಾರೂ ಮುಟ್ಟಂಗಿಲ್ಲ.”

ಅವಳ ಪ್ರಕರಣ ಹೀಗೆ. ಗಂಡ ತೀರಿದ ಮೇಲೆ ಮನೆಯ ಉತಾರ, ಅಂದರೆ ಮನೆ ಯಾರದೆಂದು ಹೇಳುವ ದಾಖಲೆ, ಅವಳ ಹೆಸರಿಗೆ ಆಗಬೇಕಿತ್ತು. ಸಂಬಂಧಪಟ್ಟ ಗುಮಾಸ್ತ ಲಂಚ ಕೇಳಿದ. ಅವಳು ದಳಕ್ಕೆ ದೂರು ಕೊಟ್ಟಳು. ಕೇಳಿದ್ದು ನಿಜವೇ ಎಂದು ಖಚಿತಪಡಿಸಿಕೊಳ್ಳಲು ಮೊದಲು ಅವಳ ಚೀಲದಲ್ಲಿ ರೆಕಾರ್ಡರ್ ಇಟ್ಟು, ಒಂದಿಷ್ಟು ದುಡ್ಡು ಕೊಟ್ಟು ಕಳಿಸಿದ್ದರು. ಅವನು ಅದನ್ನು ತೆಗೆದುಕೊಳ್ಳಲಿಲ್ಲ. ನಂತರ ಸಂತೆಯ ದಿನ ಪುಡಿ ಸವರಿದ ಪೂರ್ತಿ ದುಡ್ಡು ಕೊಡುವಾಗ ಅವನನ್ನು ಹಿಡಿದರು. ದುಡ್ಡು ಮುಟ್ಟಿದ ಅವನ ಬೆರಳು ತೊಳೆದ ನೀರು ಆ ಪುಡಿಯಿಂದ ಗುಲಾಬಿಯಾಯಿತು. ಅಷ್ಟರಲ್ಲಿ ದಳವೇ ಮುಚ್ಚಿತು.

ಸಾಹೇಬರು ಎದ್ದು ನಿಂತು ಅವಳಿಗೆ ತಮ್ಮ ಕುರ್ಚಿ ತೋರಿಸಿದರು. “ಕೂತ್ಕೊಳ್ಳಿ ತಾಯಿ. ನಿಮ್ಮ ಫೈಲ್ ನಾನೇ ನೋಡ್ತೀನಿ.”

“ನೋಡೂದು ಭಾಳ ಮಂದಿ ನೋಡ್ಯಾರ್ರಿ,” ಎಂದಳು ಚಾಚಿ. ಕೂರಲಿಲ್ಲ.

ಮರುದಿನ ಕಚೇರಿಯಲ್ಲಿ ಅವಳ ಗಂಟು ಬಿಚ್ಚಿದೆ. ಮೇಲೇ ಒಂದು ಪತ್ರ ಇತ್ತು. ಸರ್ಕಾರಿ ನೌಕರನ ಮೇಲೆ ಮೊಕದ್ದಮೆ ಹೂಡಲು ಅವನ ಇಲಾಖೆಯ ಮೇಲಧಿಕಾರಿಯ ಅನುಮತಿ ಬೇಕು. ಆ ಅನುಮತಿ ಸಿಕ್ಕಿರಲಿಲ್ಲ. ಕಾರಣವನ್ನು ಸ್ಪಷ್ಟವಾಗಿ ಬರೆದಿದ್ದರು: ಸಂಭಾಷಣೆಯ ಲಿಪ್ಯಂತರದಲ್ಲಿ ಆರೋಪಿಯು ‘ನನಗೆ ಇಷ್ಟವಾಗುವುದಿಲ್ಲ’ ಎಂದು ಹೇಳಿ ಹಣವನ್ನು ನಿರಾಕರಿಸಿರುವುದು ಕಂಡುಬರುತ್ತದೆ, ಆದ್ದರಿಂದ ಲಂಚದ ಬೇಡಿಕೆ ಸಾಬೀತಾಗುವುದಿಲ್ಲ. ಲಂಚದ ಪ್ರಕರಣದಲ್ಲಿ ದುಡ್ಡು ಸಿಕ್ಕರೆ ಸಾಲದು, ಕೇಳಿದ್ದು ಸಾಬೀತಾಗಬೇಕು. ಬೇಡಿಕೆ ಇಲ್ಲದಿದ್ದರೆ ಪ್ರಕರಣವೂ ಇಲ್ಲ.

ಲಿಪ್ಯಂತರದ ಹಾಳೆ ತಿರುವಿದೆ. ಕೊನೆಯಲ್ಲಿ ‘ಕೇಳಿ ಬರೆದವರು’ ಎಂಬುದರ ಎದುರು ನನ್ನ ಸಹಿ ಇತ್ತು.

ದಳ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿ, ಯಾರು ಎಲ್ಲಿಗೆ ಹೋಗುತ್ತೇವೋ ಗೊತ್ತಿಲ್ಲದ ವಾರಗಳಲ್ಲಿ ಬರೆದದ್ದು ಅದು. ಅದನ್ನು ನೆಪವಾಗಿ ಹೇಳುತ್ತಿಲ್ಲ.

ಮೂಲ ಮೆಮೊರಿ ಕಾರ್ಡ್ ಮೊಹರಿನಲ್ಲೇ ಇರಬೇಕು, ಅದನ್ನು ಮುಟ್ಟುವಂತಿಲ್ಲ. ತನಿಖೆಯ ಪ್ರತಿಯನ್ನು ತೆಗೆಸಿದೆ. ಕಂಪ್ಯೂಟರಿನಲ್ಲಿ ಪ್ರತಿ ಧ್ವನಿಮುದ್ರಿಕೆಗೂ ಅಕ್ಷರ, ಅಂಕಿ ಬೆರೆತ ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ಒಂದು ಚೂರು ತಿದ್ದಿದರೂ ಅದು ಬದಲಾಗುತ್ತದೆ. ಪಂಚನಾಮೆಯಲ್ಲಿದ್ದ ಸಂಖ್ಯೆ, ಕಂಪ್ಯೂಟರ್ ತೋರಿಸಿದ ಸಂಖ್ಯೆ ಎರಡನ್ನೂ ಒಂದೊಂದೇ ಅಕ್ಷರ ಓದಿ ತಾಳೆ ನೋಡಿದೆ. ಸರಿಯಿತ್ತು. ಕಿವಿಗೆ ಹೆಡ್‌ಫೋನ್ ಹಾಕಿದೆ.

ಮೊದಲು ಬಳೆಗಳ ಸದ್ದು. ಆಮೇಲೆ ಪಕ್ಕದ ಹಿಟ್ಟಿನ ಗಿರಣಿಯ ಬೆಲ್ಟಿನ ಸದ್ದು. ಅದರ ನಡುವೆ ಗುಮಾಸ್ತನ ದನಿ: “ಚಾಚಿ, ನನಗ ಇಷ್ಟ್ ಆಗಂಗಿಲ್ಲ.”

ಇಷ್ಟ್. ಅಂದರೆ ಇಷ್ಟು. ಇಷ್ಟು ದುಡ್ಡು ನನಗೆ ಸಾಲುವುದಿಲ್ಲ ಎನ್ನುತ್ತಿದ್ದಾನೆ. ನಾನು ಹುಟ್ಟಿದಾಗಿನಿಂದ ಕೇಳಿದ, ಆಡಿದ ಮಾತು. ಅಂಗಡಿಯಲ್ಲಿ, ಹೊಲದಲ್ಲಿ, ಊಟಕ್ಕೆ ಬಡಿಸುವಾಗ ದಿನಕ್ಕೆ ಹತ್ತು ಸಲ ಬರುವ ಮಾತು.

ಆದರೂ ನನ್ನ ಕೈ ಬೇರೆಯದನ್ನೇ ಬರೆದಿತ್ತು. ಶಾಲೆಯಲ್ಲಿ ಶುದ್ಧ ಬರಹಕ್ಕೆ ಬಹುಮಾನ ತೆಗೆದುಕೊಂಡವಳು ನಾನು. ಆಡುಮಾತು ಕಾಗದದ ಮೇಲೆ ಬರಬಾರದು, ಸಾಹೇಬರುಗಳಿಗೆ ಅರ್ಥವಾಗುವ ಪುಸ್ತಕದ ಕನ್ನಡವೇ ಇರಬೇಕು ಎಂಬುದು ಮೊದಲಿನಿಂದ ನನ್ನ ಹಟ. ‘ನನಗ’ ಎಂಬುದನ್ನು ‘ನನಗೆ’ ಮಾಡಿದೆ, ‘ಆಗಂಗಿಲ್ಲ’ ಎಂಬುದನ್ನು ‘ಆಗುವುದಿಲ್ಲ’ ಮಾಡಿದೆ. ‘ಇಷ್ಟ್’ ಎಂಬುದರ ಅರ್ಧಾಕ್ಷರ ಅಸಹ್ಯವಾಗಿ ಕಂಡು ‘ಇಷ್ಟ’ ಎಂದು ಪೂರ್ತಿ ಮಾಡಿದೆ. ಬೆರಳಚ್ಚು ಮಾಡಿದವರು ಎರಡು ಪದ ಕೂಡಿಸಿ ‘ಇಷ್ಟವಾಗುವುದಿಲ್ಲ’ ಎಂದರು. ಅಲ್ಲಿಗೆ ಲಂಚ ಕೇಳಿದವನು ಲಂಚ ಒಲ್ಲದವನಾದ. ನಾನು ಓದಿ ಸಹಿ ಹಾಕಿದೆ.

ಹೆಡ್‌ಫೋನ್ ತೆಗೆದಿಟ್ಟೆ. ಸಂತೆಯಲ್ಲಿ ಆ ಗುಮಾಸ್ತ ಚಾಚಿಯ ಎದುರು ನಗುತ್ತ ಹೋಗುವುದಕ್ಕೆ ನನ್ನ ಶುದ್ಧ ಬರಹವೂ ಕಾರಣವಾಗಿತ್ತು. ಬರೆದುಕೊಟ್ಟರೆ ಇಲಾಖೆಯ ವಿಚಾರಣೆ ಬರಬಹುದು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಈ ಕಡತ ಮುಚ್ಚುವ ಕಡತಗಳ ಸಾಲಿಗೆ ಸೇರುತ್ತದೆ, ಅಷ್ಟೆ. ಸುಮ್ಮನಿರುವ ವಿಚಾರ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಊಟದ ಡಬ್ಬಿ ಬಿಚ್ಚಿ, ಹಾಗೇ ಮುಚ್ಚಿ, ಎದ್ದು ಸಾಹೇಬರ ಕೋಣೆಗೆ ಹೋದೆ.

“ಸರ್, ಇದು ನನ್ನ ತಪ್ಪರಿ,” ಎಂದು ಎಲ್ಲ ಹೇಳಿದೆ.

ಅವರು ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳಿದರು. ಹುಬ್ಬು ಗಂಟಿಕ್ಕಿತ್ತು. “ನನಗೂ ‘ಇಷ್ಟ ಆಗಲ್ಲ’ ಅಂತಾನೇ ಕೇಳಿಸ್ತಿದೆ ಕಣಮ್ಮ.”

“ಅದು ನಿಮ್ಮ ಕಿವಿಗೆ ಸರ್. ನಮ್ಮ ಕಿವಿಗೆ ಹಂಗ ಕೇಳಂಗಿಲ್ಲ.”

“ಹಾಗಾದ್ರೆ ನಿನ್ನ ಕಿವಿ ಒಂದೇ ಸಾಲದು,” ಎಂದರು. ಬೈಯಲಿಲ್ಲ. ಒಂದು ಕಾಗದ ಮುಂದೆ ತಳ್ಳಿದರು. “ಏನಾಯ್ತು ಅಂತ ನಿನ್ನ ಕೈಯಲ್ಲೇ ಬರಿ. ಇವತ್ತಿನ ತಾರೀಖು ಹಾಕು. ಯಾವುದನ್ನೂ ಬಿಡಬೇಡ.”

ಬರೆದೆ. ತಾರೀಖು ಹಾಕಿ, ಸಹಿ ಮಾಡಿ ಕೊಟ್ಟೆ.

ಮುಂದಿನ ವಾರ ರೋಣದ ಪ್ರವಾಸಿ ಮಂದಿರದಲ್ಲಿ ಮೂವರು ಪಂಚರನ್ನು ಕರೆಸಿದೆವು. ಒಬ್ಬರು ಶಿರೋಳದ ಕಡೆಯವರು, ಪಶು ದವಾಖಾನೆಯ ಪರೀಕ್ಷಕರು. ಇನ್ನೊಬ್ಬರು ನರಗುಂದದ ಶಾಲೆಯ ಮಾಸ್ತರರು. ಮೂರನೆಯವರನ್ನು ಸಾಹೇಬರೇ ಬೇಕೆಂದು ಆರಿಸಿದ್ದರು: ತುಮಕೂರಿನಿಂದ ಹೊಸದಾಗಿ ವರ್ಗವಾಗಿ ಬಂದ ಅರಣ್ಯ ಇಲಾಖೆಯ ನೌಕರ. ಮೂವರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಹಳೆಯ ಲಿಪ್ಯಂತರ ತೋರಿಸದೆ, ಪ್ರಕರಣ ಏನೆಂದೂ ಹೇಳದೆ ಮುದ್ರಿಕೆ ಕೇಳಿಸಿದೆವು. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಬರೆಯಿರಿ, ಕೆಳಗೆ ಅರ್ಥ ಬರೆಯಿರಿ ಎಂದಷ್ಟೇ ಹೇಳಿದೆವು. ನಾನು ಆ ಕೋಣೆಗಳ ಹತ್ತಿರ ಸುಳಿಯುವಂತಿರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ.

ಪರೀಕ್ಷಕರು, ಮಾಸ್ತರರು ಇಬ್ಬರೂ ಒಂದೇ ಅರ್ಥ ಬರೆದಿದ್ದರು: ‘ಇಷ್ಟು ಸಾಲುವುದಿಲ್ಲ’. ಪರೀಕ್ಷಕರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ಗಿರಣಿ ಸದ್ದಿನಲ್ಲಿ ನಾನು ‘ಕೇಳಿಸುವುದಿಲ್ಲ’ ಎಂದು ಬಿಟ್ಟಿದ್ದ ಜಾಗದಲ್ಲಿ ಚಾಚಿಯ ದನಿ ಹಿಡಿದಿದ್ದರು: “ಉಳದದ್ದು ಸಂತಿ ದಿನ ತರ್ತೀನ್ರಿ.” ದನಗಳ ಎದೆಗೆ ಕಿವಿ ಹಚ್ಚಿ ರೂಢಿಯಿದ್ದ ಕಿವಿ ಅದು. ಅರಣ್ಯ ಇಲಾಖೆಯ ನೌಕರ ಮಾತ್ರ ನಮ್ಮ ಸಾಹೇಬರಂತೆಯೇ ಬರೆದಿದ್ದ: ‘ಅವನಿಗೆ ಇಷ್ಟವಿಲ್ಲ’.

ನಮ್ಮ ಕಾನೂನು ಸಲಹೆಗಾರರು ಮೂರೂ ಹಾಳೆ ನೋಡಿ ಮೂರನೆಯದನ್ನು ಬದಿಗಿಟ್ಟರು. “ಇದನ್ಯಾಕ ಸೇರಸ್ತೀರಿ ಸಾಹೇಬ್ರ? ಎದುರಿನ ವಕೀಲರಿಗೆ ನಾವ ಕೈಯಾಗ ಬಡಿಗಿ ಕೊಟ್ಟಂಗ ಆಕ್ಕೈತಿ. ಇಬ್ಬರದು ಸಾಕು. ಈ ಅಕ್ಕಾರ ಬರಕೊಟ್ಟ ತಪ್ಪಿನ ಕಾಗದನೂ ಬ್ಯಾಡ. ಹೊಸ ಲಿಪ್ಯಂತರ ಕಳಿಸಿದ್ರಾತು.”

ಸಾಹೇಬರು ಮೂರನೆಯ ಹಾಳೆಯನ್ನು ತೆಗೆದು ಉಳಿದೆರಡರ ಜೊತೆ ಪಿನ್ ಹಾಕಿದರು. “ಕೇಳಿಸಿದ್ದು ಮೂರು ಜನಕ್ಕೆ. ಎರಡೇ ಹಾಳೆ ಕಳಿಸಿದ್ರೆ, ಬೇಕಾದ ಹಾಗೆ ಬದಲಾಯಿಸಿದ್ರು ಅಂತ ಅವರು ಹೇಳೋದು ನಿಜ ಆಗುತ್ತೆ. ಮೂರೂ ಹೋಗ್ಲಿ. ಈಯಮ್ಮ ಬರೆದ ಕಾಗದಾನೂ ಹೋಗ್ಲಿ. ತಪ್ಪು ಹೇಗಾಯ್ತು ಅನ್ನೋದಕ್ಕೆ ಈ ಮೂರನೇ ಹಾಳೆಗಿಂತ ಒಳ್ಳೆ ಸಾಕ್ಷಿ ಬೇಕಾ?”

ನಮ್ಮ ಕಚೇರಿ ಮತ್ತೆ ಕಚೇರಿಯಾದದ್ದು ಅವತ್ತು ಎಂದು ನಾನು ಲೆಕ್ಕ ಹಿಡಿಯುತ್ತೇನೆ. ಕಪಾಟುಗಳು ಬಂದದ್ದು ಅದಕ್ಕೂ ಬಹಳ ತಡವಾಗಿ.

ಮುದ್ರಿಕೆಯನ್ನು ಪ್ರಯೋಗಾಲಯಕ್ಕೆ ಕಳಿಸಿದೆವು. ಅವರು ಗಿರಣಿಯ ಸದ್ದು ತಗ್ಗಿಸಿ ಕೊಟ್ಟ ಪ್ರತಿಯಲ್ಲಿ ‘ಸಂತಿ ದಿನ ತರ್ತೀನ್ರಿ’ ಎಲ್ಲರಿಗೂ ಕೇಳಿಸಿತು. ಅದೇ ಹೊತ್ತಿಗೆ ಸಾಹೇಬರು ಇನ್ನೊಂದು ಆದೇಶ ಮಾಡಿದರು. ಈ ಒಂದು ಮುದ್ರಿಕೆ ಮಾತ್ರವಲ್ಲ, ಗಂಟುಗಳಲ್ಲಿರುವ ಎಲ್ಲವನ್ನೂ ಮತ್ತೆ ಕೇಳಬೇಕು. ಆಡಿದ ಹಾಗೇ ಬರೆಯಬೇಕು, ಪಕ್ಕದಲ್ಲಿ ಬೇರೆ ಅಂಕಣದಲ್ಲಿ ಅರ್ಥ ಬರೆಯಬೇಕು. ಕಿವಿಗೆ ಬೀಳದ ಜಾಗವನ್ನು ಊಹೆಯಿಂದ ತುಂಬಬಾರದು. ಆಮೇಲೆ ದೂರುದಾರರ ಊರಿಗೇ ಹೋಗಿ ಅವರ ದನಿಯನ್ನು ಅವರಿಗೆ ಕೇಳಿಸಬೇಕು.

ಆ ತಿಂಗಳುಗಳಲ್ಲಿ ನಾನು ಜೀಪಿನಲ್ಲಿ ತಿರುಗಿದಷ್ಟು ಎಂದೂ ತಿರುಗಿರಲಿಲ್ಲ. ಇಟಗಿಯಲ್ಲಿ ಒಬ್ಬ ಕೂಲಿಯಾಳು ಹೊಲದ ಬದುವಿನ ಮೇಲೆ ಕೂತು ಹೆಡ್‌ಫೋನ್ ಹಾಕಿಕೊಂಡು, ತನ್ನ ದನಿ ಕೇಳಿ ಗಾಬರಿಯಾಗಿ ಕಿತ್ತು ಕೈಗೆ ಕೊಟ್ಟ. “ಹೌದ್ರಿ, ನಂದ ದನಿ. ನಾ ಇಷ್ಟ್ ಜೋರ್ ಮಾತಾಡ್ತೀನೇನು?” ದುಡಿಯಲು ಗೋವಾಕ್ಕೆ ಹೋಗಿದ್ದ ಒಬ್ಬರನ್ನು ಹಬ್ಬಕ್ಕೆ ಬಂದಾಗ ಹಿಡಿದು ಕೇಳಿಸಿದೆವು. ನಮಗೆ ವಿರುದ್ಧವಾಗಿ ಬಂದದ್ದೂ ಒಂದಿದೆ. ಒಂದು ಮುದ್ರಿಕೆಯಲ್ಲಿ ಎಷ್ಟು ಸಲ ಕೇಳಿದರೂ ಆರೋಪಿ ಏನನ್ನೂ ಕೇಳಿರಲಿಲ್ಲ. ದೂರುದಾರನೇ ಮತ್ತೆ ಮತ್ತೆ ‘ತಗೋರಿ’ ಎನ್ನುತ್ತಿದ್ದ, ಇವನು ‘ಒಲ್ಲೆ ಮಾರಾಯ’ ಎನ್ನುತ್ತಿದ್ದ. ಹಳೆಯ ಹಾಳೆಯಲ್ಲಿ ಅದೂ ಬೇರೆಯಾಗಿತ್ತು. ಅದನ್ನೂ ಇದ್ದ ಹಾಗೆ ಬರೆದು, ಪ್ರಕರಣ ಮುಕ್ತಾಯಕ್ಕೆ ವರದಿ ಕಳಿಸಿದೆವು. ಆ ವರದಿ ಟೈಪು ಮಾಡುವಾಗಲೂ ನನಗೆ ಹೆಮ್ಮೆಯಾಗಿತ್ತು, ಯಾಕೆಂದು ಯಾರಿಗೂ ಹೇಳಲಿಲ್ಲ.

ಊರೂರಿಗೆ ಹೋಗಿ ಬಂದದ್ದೇ ಸುದ್ದಿಯಾಯಿತು. ಯಾರೋ ಹೆಡ್‌ಫೋನಿನವರು ಬರುತ್ತಾರೆ, ಹಳೆಯ ದೂರನ್ನೂ ಬಿಟ್ಟಿಲ್ಲ ಎಂದು. ನರಗುಂದದ ಮುಂದಿನ ಅಹವಾಲಿಗೆ ಹೊಸ ದೂರು ಹಿಡಿದು ಜನ ಬಂದರು.

ಚಾಚಿಯ ಪ್ರಕರಣಕ್ಕೆ ಅನುಮತಿ ಬಂತು. ವಿಚಾರಣೆ ಶುರುವಾಯಿತು. ನಾನೂ ಸಾಕ್ಷಿ.

ಕಟಕಟೆಯಲ್ಲಿ ನಿಂತಾಗ ಎದುರಿನ ವಕೀಲರು ನಾನೇ ಬರೆದುಕೊಟ್ಟ ಕಾಗದ ಎತ್ತಿಕೊಂಡರು. “ಅಂದರೆ ಸರ್ಕಾರಿ ದಾಖಲೆಯಲ್ಲಿ ನೀವು ಸುಳ್ಳು ಬರೆದಿರಿ.”

“ತಪ್ಪು ಬರೆದೆ ಸ್ವಾಮಿ,” ಅಂದೆ. “ಆಡಿದ ಮಾತನ್ನ ತಿದ್ದಿ ಬರೆದೆ. ತಿದ್ದಬಾರದಿತ್ತು.”

“ಮೊದಲು ತಿದ್ದಿದವರು ಈಗಲೂ ತಿದ್ದಿಲ್ಲ ಎಂದು ಹೇಗೆ ನಂಬುವುದು?”

“ನನ್ನನ್ನ ನಂಬಬೇಕಾಗಿಲ್ಲ. ಮುದ್ರಿಕೆ ಇದೆ, ಕೇಳಿ.”

ಅವರು ಅರಣ್ಯ ನೌಕರನ ಹಾಳೆಯನ್ನೂ ಬಿಡಲಿಲ್ಲ. ಸಲಹೆಗಾರರು ಹೇಳಿದ್ದ ಬಡಿಗೆಯನ್ನು ಚೆನ್ನಾಗಿಯೇ ಬೀಸಿದರು. ಇಬ್ಬರಿಗೆ ಒಂದು ಕೇಳಿಸಿದೆ, ಒಬ್ಬರಿಗೆ ಇನ್ನೊಂದು. ಸಂಶಯದ ಲಾಭ ಆರೋಪಿಗೆ ಸಿಗಬೇಕು ಎಂದರು. ಅವರ ವಾದ ಕೇಳುತ್ತಿದ್ದರೆ ನನಗೇ ಭಯವಾಯಿತು.

ನ್ಯಾಯಾಧೀಶರು ಕರಾವಳಿ ಕಡೆಯವರು. ಮುದ್ರಿಕೆಯನ್ನು ತೆರೆದ ನ್ಯಾಯಾಲಯದಲ್ಲಿ ಹಾಕಿಸಿದರು. ಬಳೆ, ಗಿರಣಿ, ಗುಮಾಸ್ತನ ದನಿ. ಎರಡು ಸಲ ಕೇಳಿ, ಮರುದಿನ ಸಾಕ್ಷಿ ಹೇಳಲು ಬಂದ ಚಾಚಿಯನ್ನೇ ಕೇಳಿದರು: “ಅವರು ‘ನನಗೆ ಇಷ್ಟ ಇಲ್ಲ, ದುಡ್ಡು ಬೇಡ’ ಎಂದು ಹೇಳಿದ್ದಲ್ಲವಾ ಅಮ್ಮ?”

ಚಾಚಿ ಸೆರಗು ಸರಿಮಾಡಿಕೊಂಡಳು. “ಅಲ್ರಿ ಸಾಹೇಬ್ರ. ಮನಸಿಗೆ ಬರದಿದ್ರ ನಮ್ಮ ಕಡೆ ಯಾರ ಇಷ್ಟ ಇಲ್ಲ ಅಂತಾರ್ರಿ? ಸೇರಂಗಿಲ್ಲ ಅಂತಾರ. ಗಾಜಿನ ಬಳಿ ಬಣ್ಣ ಮನಸಿಗೆ ಬರದಿದ್ರ ಹೆಣ್ಮಕ್ಕಳು ಸೇರಂಗಿಲ್ಲ ಚಾಚಿ ಅಂತಾರ. ಬಳಿ ಕಡಿಮಿ ಬಿದ್ರ ಇಷ್ಟ್ ಆಗಂಗಿಲ್ಲ, ಇನ್ನ ಎರಡ ಹಾಕು ಅಂತಾರ. ಇಂವಾ ಇಷ್ಟ್ ಆಗಂಗಿಲ್ಲ ಅಂದಾನ. ಅದಕ್ಕ ನಾ ಉಳದದ್ದು ಸಂತಿ ದಿನ ತರ್ತೀನಿ ಅಂದೆ. ಒಲ್ಲೆ ಅಂದಿದ್ರ ಸಂತಿ ದಿನ ಯಾಕ ಒಯ್ತಿದ್ದೆ?”

ನ್ಯಾಯಾಲಯದ ಬೆಂಚ್ ಕ್ಲರ್ಕ್ ತಲೆ ತಗ್ಗಿಸಿ ನಕ್ಕರು. ನ್ಯಾಯಾಧೀಶರು ನಗಲಿಲ್ಲ. “ನಿಧಾನವಾಗಿ ಇನ್ನೊಮ್ಮೆ ಹೇಳಿ,” ಎಂದರು. “ಹೇಳಿದ ಹಾಗೇ ಬರೆದುಕೊಳ್ಳಲಿ.”

ತೀರ್ಪು ಬಂದ ದಿನ ಸಾಹೇಬರು ಪ್ರತಿಯನ್ನು ನನ್ನ ಮೇಜಿನ ಮೇಲೆ ತಂದಿಟ್ಟರು. ಗುಮಾಸ್ತ ದೋಷಿ. ಅವನು ಮೇಲ್ಮನವಿಗೆ ಹೋಗಬಹುದು, ಹೋಗಲಿ. ನಾನು ಹುಡುಕಿದ್ದು ಬೇರೆ. ಹತ್ತನೆಯ ಪುಟದ ನಡುವೆ ಸಿಕ್ಕಿತು. ಅಚ್ಚುಕಟ್ಟಾದ ನ್ಯಾಯಾಲಯದ ಕನ್ನಡದ ಸಾಲುಗಳ ನಡುವೆ, ಉದ್ಧರಣ ಚಿಹ್ನೆಯೊಳಗೆ, ಒಂದಕ್ಷರವನ್ನೂ ತಿದ್ದದೆ, ‘ನನಗ ಇಷ್ಟ್ ಆಗಂಗಿಲ್ಲ’. ನಮ್ಮ ರೋಣ ಸೀಮೆಯ ಮಾತು. ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು. ಅವರ ಬಾಯಲ್ಲಿ ಅದು ಮತ್ತೆ ಕೆಟ್ಟಿತು. ಕಾನ್‌ಸ್ಟೆಬಲ್‌ಗಳು, ಚಾಲಕ ಎಲ್ಲ ಸೇರಿ ಅವರಿಗೆ ಹೇಳಿಕೊಟ್ಟರು. ನಾಲ್ಕನೆಯ ಸಲಕ್ಕೆ ಸುಮಾರಾಗಿ ಬಂತು.

ನಾನು ಚಾಚಿಗೆ ಫೋನು ಮಾಡಿದೆ. ಶಿರೋಳದಲ್ಲಿ ಯಾರದೋ ಮನೆಯ ಕಟ್ಟೆಯ ಮೇಲೆ ಬಳೆ ತೊಡಿಸುತ್ತಿದ್ದಳು; ಹಿಂದೆ ಹೆಂಗಸರ ಗಲಾಟೆ ಕೇಳಿಸುತ್ತಿತ್ತು. ಶಿಕ್ಷೆಯಾಯಿತು ಎಂದೆ. ಉತಾರದ ಕಾಗದ ಹೊಸ ಗುಮಾಸ್ತನ ಮೇಜಿಗೆ ಹೋಗಿದೆ, ಎರಡು ದಿನದಲ್ಲಿ ಕೈಗೆ ಸಿಗುತ್ತದೆ ಎಂದೆ. ಅವನು ಆಡಿದ ಮಾತು ಇಂಥದೇ ಎಂದು ನ್ಯಾಯಾಲಯ ಒಪ್ಪಿ, ಇದ್ದ ಹಾಗೆ ತೀರ್ಪಿನಲ್ಲಿ ಬರೆದಿದೆ ಎಂದು ಉಬ್ಬಿದ ದನಿಯಲ್ಲಿ ಓದಿ ಹೇಳಿದೆ.

“ಅಲ್ಲವ್ವಾ,” ಎಂದಳು ಚಾಚಿ, “ನಾ ಮದಲಿಂದ ಅದನ್ನ ಹೇಳಾಕತ್ತಿದ್ನಲ್ಲ!”